ಹಿತ್ತಾಳೆ ಮಾವನ ಬಲಭುಜ

ಹಿತ್ತಾಳೆ ಮಾವನಿಗೆ ಆ ಹೆಸರು ಬಿದ್ದದ್ದು ಅವರ ಸ್ಕ್ರೂಡ್ರೈವರಿನ ದೆಸೆಯಿಂದ. ವಿಮಾನದ ದಿಕ್ಸೂಚಿಯ ಹತ್ತಿರ ಒಂದು ಕಬ್ಬಿಣದ ಮೊಳೆ ಬಂದರೂ ಅದು ದಾರಿ ತಪ್ಪುತ್ತದೆ. ಅದಕ್ಕೇ ಅದನ್ನು ತಿದ್ದುವ ಸ್ಕ್ರೂಡ್ರೈವರು ಹಿತ್ತಾಳೆಯದೇ ಆಗಿರಬೇಕು. ಇದು ವಿಮಾನ ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ವಿಷಯ, ಮಾವ ಮಾತ್ರ ಅಷ್ಟಕ್ಕೇ ನಿಲ್ಲಲಿಲ್ಲ. ದಿಕ್ಸೂಚಿ ತಿದ್ದುವ ದಿನ ಅವರ ಬೆಲ್ಟಿನ ಬಕಲ್ಲೂ ಹಿತ್ತಾಳೆ, ಪೆನ್ನಿನ ಕ್ಲಿಪ್ಪೂ ಹಿತ್ತಾಳೆ. ಹತ್ತಿರ ಬಂದವರ ಜೇಬು ತಡಕದೆ ಕಾಕ್‌ಪಿಟ್ಟಿಗೆ ಬಿಡುತ್ತಿರಲಿಲ್ಲ. ಒಮ್ಮೆ ಕಂಪನಿಯ ದೊಡ್ಡ ಸಾಹೇಬರ ಜೇಬಿನಿಂದಲೇ ಫೋನು, ಬೀಗದ ಕೈ, ಉಗುರು ಕತ್ತರಿ ಎಲ್ಲ ತೆಗೆಸಿ ನೆಲದ ಮೇಲೆ ಸಾಲಾಗಿ ಇಡಿಸಿದ್ದರು. ಹೆಸರು ಹಿತ್ತಾಳೆಯಾದರೂ ಮಾವನ ಕಿವಿ ಹಿತ್ತಾಳೆಯಲ್ಲ. ಯಾರು ಏನೇ ಹೇಳಲಿ, ಕಣ್ಣಾರೆ ನೋಡದೆ ನಂಬುವ ಪೈಕಿಯವರಲ್ಲ.

ಮಾವ ಕೆಲಸ ಮಾಡುವ ಹ್ಯಾಂಗರಿಗೆ, ಅಂದರೆ ವಿಮಾನದ ಕೊಟ್ಟಿಗೆಗೆ, ರಿಪೇರಿಗೆ ಬರುವ ವಿಮಾನಗಳಲ್ಲಿ ಈಗ ಎಲ್ಲಿ ನೋಡಿದರೂ ಪರದೆಗಳೇ. ಉಪಗ್ರಹ ನೋಡಿ ಜಾಗ ಹೇಳುವುದೊಂದು, ನೆಲದವರ ಜೊತೆ ಮಾತಾಡಿಸುವುದೊಂದು, ಪೈಲಟ್ಟಿನ ಕೈ ಬಿಡಿಸಿ ತಾನೇ ಹಾರಿಸುವ ಆಟೋಪೈಲಟ್ಟು ಇನ್ನೊಂದು. ಇವೆಲ್ಲದರ ಮೇಲೆ, ಮುಂದಿನ ಗಾಜಿನ ನಡುವೆ, ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದು ದಿಕ್ಸೂಚಿ ತೂಗುತ್ತಿರುತ್ತದೆ. ಅದು ದಿಕ್ಕು ತೋರಿಸಲು ಕರೆಂಟು ಬೇಡ. ಯಾವತ್ತೋ ಒಂದು ದಿನ ಪರದೆಗಳೆಲ್ಲ ಒಟ್ಟಿಗೇ ಕೈಕೊಟ್ಟರೆ ಜನರನ್ನು ಮನೆ ಮುಟ್ಟಿಸಬೇಕಾದದ್ದು ಅದೊಂದೇ. “ಬಾಕಿಯವರೆಲ್ಲ ಸಂಬಳಕ್ಕೆ ಇರೋರು, ಇವನೊಬ್ಬ ಮನೆ ಮಗ” ಎನ್ನುತ್ತಿದ್ದರು ಮಾವ.

ಮೂವತ್ತೊಂದು ವರ್ಷದಿಂದ ಆ ಮನೆಮಗನ ಯೋಗಕ್ಷೇಮ ಮಾವನದೇ. ರನ್‌ವೇಯಿಂದ ದೂರ, ಕಬ್ಬಿಣದ ಸುಳಿವಿಲ್ಲದ ಬಯಲಿನಲ್ಲಿ ಸಿಮೆಂಟಿನ ಮೇಲೆ ದೊಡ್ಡದೊಂದು ವೃತ್ತ ಬರೆದಿದೆ. ವಿಮಾನವನ್ನು ಅಲ್ಲಿಗೆ ಎಳೆದು ತಂದು, ಒಂದೊಂದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸುತ್ತಾರೆ. ಹೊರಗೊಬ್ಬರು ಕೈದಿಕ್ಸೂಚಿ ಹಿಡಿದು ವಿಮಾನದ ಮೂಗು ನಿಜವಾಗಿ ಯಾವ ಕಡೆ ಇದೆ ಎಂದು ಹೇಳುತ್ತಾರೆ. ಒಳಗೆ ಕೂತ ಮಾವ ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು ಓದಿ, ತಪ್ಪಿದ್ದಷ್ಟನ್ನು ತಿದ್ದುತ್ತಾರೆ. ಕೊನೆಗೆ ಕಾಗದಕ್ಕೆ ಸಹಿ, ಸಹಿಯ ಪಕ್ಕ ಸೀಲು. ಆ ಪುಟ್ಟ ಸೀಲು ಬಿದ್ದರೆ ಪೈಲಟ್ಟುಗಳು ಮರುಮಾತಾಡದೆ ಹಾರುತ್ತಿದ್ದರು.

ಈಗ ಮಾತಾಡುವಂತಾಗಿತ್ತು. ರೋಗಿಗಳನ್ನು ಸಾಗಿಸುವ ಸಣ್ಣ ವಿಮಾನವೊಂದು ಮಾವನ ಸೀಲಿನೊಂದಿಗೆ ಹೋಗಿ, ಎರಡೇ ದಿನಕ್ಕೆ ವಾಪಸು ಬಂತು. ದಿಕ್ಸೂಚಿ ಒಂಬತ್ತು ಡಿಗ್ರಿ ತಪ್ಪು ತೋರಿಸುತ್ತಿದೆ ಎಂದರು ಪೈಲಟ್ಟು. ಮಾವ ಮತ್ತೆ ತಿದ್ದಿದರು, ಮತ್ತೆ ಸೀಲು ಒತ್ತಿದರು. ವಿಮಾನ ಮತ್ತೆ ಬಂತು. ಮತ್ತೆ ಅದೇ ಒಂಬತ್ತು ಡಿಗ್ರಿ. ಪೈಲಟ್ಟು ಒಳ್ಳೆಯ ಹೆಣ್ಣುಮಗಳು. ಜೋರು ಮಾಡಲಿಲ್ಲ, “ಪರದೆ ಸರಿ ಇತ್ತು ಬಿಡಿ ಮಾವ, ತೊಂದರೆ ಆಗಲಿಲ್ಲ” ಎಂದು ಸಮಾಧಾನ ಬೇರೆ ಹೇಳಿದರು. ಬೈದಿದ್ದರೇ ವಾಸಿಯಿತ್ತು ಎನಿಸಿತು ಮಾವನಿಗೆ.

ಹ್ಯಾಂಗರಿನ ಮುಖ್ಯಸ್ಥರು ಒಂದು ಕಾಲಕ್ಕೆ ಮಾವನ ಕೈಕೆಳಗೇ ಕೆಲಸ ಕಲಿತವರು. ಮುಖ ನೋಡದೆ, ಮೇಜಿನ ಮೇಲಿನ ಕಾಗದ ಜೋಡಿಸುತ್ತಾ ಹೇಳಿದರು. “ನಿನ್ನೆ ಇನ್ನೊಂದು ಪಾಳಿಯವನ ಹತ್ರ ತಿದ್ದಿಸಿದೆ. ಪೈಲಟ್ ಹಾರಿಸಿ ನೋಡಿ ಸರಿ ಇದೆ ಅಂದ್ರು. ನಾಳೆ ಬೆಳಿಗ್ಗೆ ನೀವು ಅದನ್ನ ಸುಮ್ನೆ ಓದಿ ಮಾವ. ಅವನು ಓದಿದ್ದಕ್ಕೂ ನೀವು ಓದಿದ್ದಕ್ಕೂ ತಾಳೆಯಾದ್ರೆ ಮುಗೀತು.”

“ಆಗದಿದ್ರೆ?”

“ಆಗದಿದ್ರೆ... ಸ್ಟೋರಲ್ಲಿ ಕೆಲಸ ಇದೆ. ಸೀಲು ಮಾತ್ರ ಬೇಡ.”

ಮನೆಗೆ ಬಂದ ಮಾವ ಈ ಮಾತನ್ನು ನುಂಗಿಕೊಂಡರು. ಅವರ ಹೆಂಡತಿ, ಹ್ಯಾಂಗರಿನವರೆಲ್ಲರ ಬಾಯಲ್ಲೂ ಅತ್ತೆ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡವರು. ಬೀದಿಯವರ ಹರಿದದ್ದು, ಬಿಗಿಯಾದದ್ದು, ಸಡಿಲವಾದದ್ದು ಎಲ್ಲ ಅವರ ಕೈಯಲ್ಲೇ ಸರಿಹೋಗಬೇಕು. “ಏನ್ರೀ, ಮುಖ ಹುಳ್ಳಗಾಗಿದೆ?” ಎಂದರು. “ಬಿಸಿಲು” ಎಂದರು ಮಾವ. ಬಲಭುಜ ಬೇರೆ ಹರಿದು ಹೋಗುವಂತೆ ನೋಯುತ್ತಿತ್ತು. ಅದನ್ನೂ ಹೇಳಲಿಲ್ಲ. ಭುಜ ನೋವು ಎಂದು ಬಾಯಿಬಿಟ್ಟರೆ ಅತ್ತೆ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾರೆ, ಡಾಕ್ಟರು ಚೀಟಿ ಬರೆಯುತ್ತಾರೆ, ಚೀಟಿ ಹ್ಯಾಂಗರು ಸೇರುತ್ತದೆ, ಅಲ್ಲಿಗೆ ಸೀಲಿಗೆ ತಿಲಾಂಜಲಿ. ಈ ಲೆಕ್ಕ ಹಾಕಿಯೇ ಮಾವ ಎಷ್ಟೋ ತಿಂಗಳಿಂದ ಹಲ್ಲು ಕಚ್ಚಿಕೊಂಡಿದ್ದರು. ಈಗ ನೋಡಿದರೆ ಭುಜ ಇರಲಿ, ಕಣ್ಣೇ ಕೈಕೊಡುತ್ತಿದೆ.

ಬೆಳಿಗ್ಗೆ ವೃತ್ತದ ಹತ್ತಿರ ಕೈದಿಕ್ಸೂಚಿ ಹಿಡಿದು ನಿಂತವರು ಹಲೋ ಅಕ್ಕ. ರೇಡಿಯೋ ರಿಪೇರಿ ಅವರದು. ದಿನಕ್ಕೆ ನೂರು ಸಲ “ಹಲೋ, ಕೇಳಿಸ್ತಾ?” ಎಂದು ಪರೀಕ್ಷೆ ಮಾಡೀ ಮಾಡೀ, ಮಗಳ ಮದುವೆಯಲ್ಲಿ ಬೀಗರನ್ನೂ ಹಾಗೇ ಮಾತಾಡಿಸಿದರಂತೆ.

ಮಾವ ಜೇಬು ಬರಿದು ಮಾಡಿದರು. ಗಡಿಯಾರ ಬಿಚ್ಚಿಟ್ಟರು. ಎಡಗಡೆಯ ಸೀಟಿನಲ್ಲಿ ಕೂತು, ಎಂದಿನಂತೆ ಬಲಗಡೆಗೆ ವಾಲಿ, ದಿಕ್ಸೂಚಿಗೆ ಮುಖ ಕೊಟ್ಟರು.

“ಹಲೋ, ಕೇಳಿಸ್ತಾ? ಮೂಗು ಸರಿಯಾಗಿ ಉತ್ತರಕ್ಕಿದೆ ಮಾವ.”

ದಿಕ್ಸೂಚಿ ಉತ್ತರ ಎನ್ನಲಿಲ್ಲ. ಒಂಬತ್ತು ಡಿಗ್ರಿ ಆಚೆ ನಿಂತಿತ್ತು. ಮಾವ ಕಣ್ಣುಜ್ಜಿ ಮತ್ತೆ ನೋಡಿದರು. ಒಂಬತ್ತೇ. ಮೂವತ್ತೊಂದು ವರ್ಷದ ಕೆಲಸ ಇಷ್ಟಕ್ಕೆ ಮುಗಿಯಿತು ಎಂದುಕೊಂಡರು. ಬಾಗಿಯೇ ಇದ್ದುದರಿಂದ ಭುಜ ಚಳಕ್ಕೆಂದು, ತಡೆಯಲಾರದೆ ಹಿಂದಕ್ಕೆ ಒರಗಿ ಕೂತರು.

ದಿಕ್ಸೂಚಿ ಅಲುಗಿತು. ನಿಧಾನವಾಗಿ ತಿರುಗಿ, ಉತ್ತರಕ್ಕೆ ಬಂದು ನಿಂತಿತು.

ವಿಮಾನ ಕದಲಿಲ್ಲ. ಗಾಳಿಯೂ ಇಲ್ಲ. ಮಾವ ಮತ್ತೆ ಮುಂದಕ್ಕೆ ಬಾಗಿದರು, ಒಂಬತ್ತು. ಹಿಂದಕ್ಕೆ ಒರಗಿದರು, ಉತ್ತರ. ಎಡಭುಜ ತಂದು ನೋಡಿದರು, ಏನೂ ಇಲ್ಲ. ಬಲಭುಜ ತೀರ ಹತ್ತಿರ ಒಯ್ದರು. ದಿಕ್ಸೂಚಿ ಅಟ್ಟಿಸಿಕೊಂಡು ಬಂದ ಹಾಗೆ ಗಿರ್ರನೆ ತಿರುಗಿತು.

ಹಾಗಾದರೆ ಇಷ್ಟು ದಿನ ಅವರು ತಿದ್ದಿದ್ದು ವಿಮಾನದ ತಪ್ಪನ್ನಲ್ಲ, ತಮ್ಮ ಭುಜದ ತಪ್ಪನ್ನು. ಅವರು ಬಾಗಿ ಕೂತಿರುವಷ್ಟು ಹೊತ್ತು ಎಲ್ಲ ಸರಿ, ಇಳಿದು ಹೋದ ಗಳಿಗೆಯಿಂದ ತಪ್ಪು.

ಮಾವ ವಿಮಾನದಿಂದ ಇಳಿದು, ಅಂಗಿ ಬಿಚ್ಚಿ, ಬನಿಯನ್ನಿನಲ್ಲೇ ಹಲೋ ಅಕ್ಕನ ಮುಂದೆ ಹೋಗಿ ನಿಂತರು. ಅಕ್ಕ ಗಾಬರಿಯಾಗಿ ಆ ಕಡೆ ಈ ಕಡೆ ನೋಡಿದರು. “ಏನ್ ಮಾವ ಇದು, ಈ ವಯಸ್ಸಲ್ಲಿ!”

“ಆಚೆ ಇಟ್ಟಿರೋ ನಿನ್ನ ಡಬ್ಬಿಯಿಂದ ಸ್ಕ್ರೂಡ್ರೈವರು ತಂದುಕೊಡು ತಾಯಿ, ಕಬ್ಬಿಣದ್ದು.”

ಸ್ಕ್ರೂಡ್ರೈವರು ಕೆಲಸದ ಅಂಗಿಯ ಬಲ ಹೆಗಲಿಗೆ ಟಕ್ಕೆಂದು ಅಂಟಿಕೊಂಡಿತು. ಹೆಗಲ ಮೇಲೆ ಬಟ್ಟೆ ಎರಡು ಪದರ. ಬಿಚ್ಚಿ ನೋಡಿದರೆ ಆ ಪದರಗಳ ನಡುವೆ, ಅಂಗಿಯ ಗುಂಡಿಯಷ್ಟೇ ಗಾತ್ರದ ಆರು ಅಯಸ್ಕಾಂತದ ಬಿಲ್ಲೆಗಳು. ಅರ್ಧ ಡಿಗ್ರಿ ಹೆಚ್ಚುಕಮ್ಮಿಯನ್ನು ಹಿಡಿಯುವ ಮಾವನ ಕಣ್ಣಿಗೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಜಾಗ ಕಾಣಲಿಲ್ಲ, ಅಷ್ಟು ನಯ. ಅಂಥ ಹೊಲಿಗೆ ಊರಿನಲ್ಲಿ ಒಬ್ಬರದೇ.

ಆಗ ನೆನಪಾಯಿತು. ಎರಡು ವಾರದ ಹಿಂದೆ ಅತ್ತೆ ನೋವಿಗೆ ಒಳ್ಳೆಯದೆಂದು ಅಯಸ್ಕಾಂತದ ಪಟ್ಟಿಯೊಂದನ್ನು ತಂದು ಮುಂದೆ ಹಿಡಿದಿದ್ದರು. “ಅಯಸ್ಕಾಂತದ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ ಕಣೇ, ಒಂದು ದಿನ ನನ್ನ ಬೆನ್ನು ಒತ್ತಿಲ್ಲ ಅದು” ಎಂದು ಮಾವ ನಕ್ಕು, “ಅಷ್ಟಕ್ಕೂ ನನಗೆಲ್ಲಿದೆ ನೋವು?” ಎಂದು ಎದ್ದುಹೋಗಿದ್ದರು.

ಮುಖ್ಯಸ್ಥರು ಬಿಲ್ಲೆಗಳನ್ನು ಅಂಗೈಯಲ್ಲಿ ಉರುಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹ್ಯಾಂಗರಿಗೆ ಹ್ಯಾಂಗರೇ ನಕ್ಕಿತು. “ಅಲ್ಲ ಮಾವ, ಅತ್ತೆ ಯಾಕೆ ಹೊಲಿದ್ರು ಇದನ್ನ?” ಎಂದು ಯಾರೋ ಕೇಳಿದರು. ಸೀಲು ಉಳಿದ ಸಂತೋಷದಲ್ಲಿ ಮಾವನೂ ನಕ್ಕುಬಿಟ್ಟರು. “ಏನೋಪ್ಪ, ಹೆಂಗಸರ ಹುಚ್ಚು ನಂಬಿಕೆ” ಎಂದರು. ದೋಷಗಳ ಪುಸ್ತಕದಲ್ಲಿ, ಕಾರಣ ಎಂಬಲ್ಲಿ, “ಅಂಗಿಯಲ್ಲಿ ಅಯಸ್ಕಾಂತ, ಮನೆಯವರ ತಿಳಿವಳಿಕೆಯ ಕೊರತೆ” ಎಂದು ಬರೆದು ಸೀಲು ಒತ್ತಿದರು.

ಮನೆಯ ದಾರಿ ಉದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದರು. ಒಳಗೆ ಕಾಲಿಟ್ಟವರೇ ಹೆಗಲು ಬಿಚ್ಚಿದ ಅಂಗಿಯನ್ನು ಹೊಲಿಗೆ ಮೆಷಿನ್ನಿನ ಮೇಲೆ ಹಾಕಿದರು. “ಎರಡು ಸಲ ವಿಮಾನ ತಪ್ಪು ದಿಕ್ಕು ಹೊತ್ಕೊಂಡು ಹಾರಿದೆ, ನಿನ್ನ ಈ ಬಿಲ್ಲೆಗಳಿಂದ!”

ಅತ್ತೆ ಮೆಷಿನ್ನು ಬಿಟ್ಟು ಎದ್ದರು. “ಅಯ್ಯೋ! ಯಾರಿಗಾದ್ರೂ ಏನಾದ್ರೂ ಆಯ್ತೇನ್ರೀ?”

“ಆಗಲಿಲ್ಲ. ಆಗಬಹುದಿತ್ತು.”

ಅತ್ತೆ ಬಿಚ್ಚಿದ ಹೆಗಲನ್ನು ಬೆರಳಿನಿಂದ ಸವರಿದರು. “ತಪ್ಪು ನಂದೇ. ಬೈದುಬಿಡಿ” ಎಂದರು. ಆಮೇಲೆ ಅಂಗಿಯನ್ನು ಮಡಿಲಿಗೆಳೆದುಕೊಂಡರು. “ನಿದ್ದೆಯಲ್ಲಿ ಅಮ್ಮಾ ಅಂತ ನರಳ್ತೀರಿ. ಎದ್ದ ಮೇಲೆ ಕೇಳಿದ್ರೆ ನೋವೇ ಇಲ್ಲ ಅಂತೀರಿ. ಪಟ್ಟಿ ಕೊಟ್ರೆ ನಗ್ತೀರಿ. ನೋವಿಲ್ಲ ಅನ್ನೋ ಮನುಷ್ಯನಿಗೆ ನಾನು ಹೇಗ್ರೀ ಔಷಧ ಮಾಡ್ಲಿ? ಕದ್ದು ಮಾಡಿದೆ.”

ಮಾವ ದಾರಿಯುದ್ದಕ್ಕೂ ಜೋಡಿಸಿ ತಂದ ಬೈಗುಳ ಬಿಟ್ಟು ಕೈಕಾಲು ತೊಳೆಯಲು ಹೋದರು. ಊಟದ ಹೊತ್ತಿಗೆ, ಹ್ಯಾಂಗರಿನ ನಡುವೆ ನಿಂತು ತಾವು ನಕ್ಕ ನಗು ನೆನಪಾಗಿ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟರು. ನಾಚಿಕೆಯಾಯಿತು. ಇಡೀ ಹ್ಯಾಂಗರಿಗೆ “ದೋಷ ಕಂಡರೆ ಮುಚ್ಚಿಡಬೇಡಿ, ಮುಚ್ಚಿಟ್ಟ ದೋಷವೇ ಕೊಲ್ಲೋದು” ಎಂದು ಪಾಠ ಹೇಳಿಕೊಂಡು ಬಂದವರು ಅವರೇ ತಾನೆ? ಪುಸ್ತಕದಲ್ಲಿ ಬರೆದ ಕಾರಣ ಕಾರಣವೇ ಅಲ್ಲ. ಅದನ್ನು ಹಾಗೇ ಬಿಟ್ಟರೆ ಸೀಲು ಉಳಿಯುತ್ತದೆ. ಬಿಡದಿದ್ದರೆ ಏನಾಗುತ್ತದೆಂದು ಮಾವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಪುಸ್ತಕ ತೆರೆದರು. ಅಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಹಳೆಯದು ಕಾಣುವಂತೆಯೇ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಮಾವ ಗೆರೆ ಎಳೆದು ಬರೆದರು: “ತಂತ್ರಜ್ಞನ ಬಲಭುಜದಲ್ಲಿ ಎಂಟು ತಿಂಗಳಿಂದ ನೋವಿದೆ. ಸೀಲು ಹೋದೀತೆಂಬ ಭಯದಿಂದ ತಂತ್ರಜ್ಞ ಅದನ್ನು ಯಾರಿಗೂ ತಿಳಿಸಲಿಲ್ಲ. ತಿಳಿಸಿದ್ದರೆ ಅಂಗಿಗೆ ಅಯಸ್ಕಾಂತ ಬರುತ್ತಿರಲಿಲ್ಲ. ಮನೆಯವರ ತಪ್ಪಿಲ್ಲ.”

ಮುಖ್ಯಸ್ಥರು ಎರಡು ಸಲ ಓದಿದರು. ಈ ಸಲ ನಗಲಿಲ್ಲ. “ನಿನ್ನೆ ಬರೆದಿದ್ದೇ ಸಾಕಿತ್ತಲ್ಲ ಮಾವ?”

“ಅದು ಸುಳ್ಳು ಕಣಪ್ಪ.”

“ಡಾಕ್ಟರಿಗೆ ತೋರಿಸಿ ಚೀಟಿ ತರೋವರೆಗೂ ಸೀಲು ಕೊಡೋಕಾಗಲ್ಲ, ಗೊತ್ತಲ್ಲ?”

“ಗೊತ್ತು. ಅವರು ಆಗಲ್ಲ ಅಂದ್ರೆ?”

ಮುಖ್ಯಸ್ಥರು ಈ ಸಲ ಮುಖ ನೋಡಿಯೇ ಹೇಳಿದರು. “ಆಗ ನೀವು ಪಕ್ಕದಲ್ಲಿ ಕೂತು ಹೇಳಿ, ಇನ್ನೊಬ್ಬರು ಸ್ಕ್ರೂ ತಿರುಗಿಸ್ತಾರೆ. ಸ್ಟೋರಿನ ಮಾತು ನಾನು ವಾಪಸು ತಗೊಂಡೆ.”

ಮಾವ ಸೀಲನ್ನು ಮೇಜಿನ ಮೇಲಿಟ್ಟರು. ಬರಿಗೈಯಲ್ಲಿ ಹೊರಗೆ ಬಂದಾಗ ಅಳು ಬಂದ ಹಾಗೂ ಆಯಿತು, ಹಗುರವಾದ ಹಾಗೂ ಆಯಿತು.

ಅಂದು ಮಧ್ಯಾಹ್ನವೇ ಅತ್ತೆ ಅವರನ್ನು ಡಾಕ್ಟರ ಮುಂದೆ ಕೂರಿಸಿದರು. ಡಾಕ್ಟರು ಪೆನ್ನು ತೆಗೆದು, ಎಷ್ಟು ದಿನದಿಂದ ನೋವು ಎಂದು ಕೇಳಿದರು.

“ಒಂದು ಎಂಟು ತಿಂಗಳು” ಎಂದರು ಮಾವ.

“ಒಂಬತ್ತು ತಿಂಗಳು ನಾಲ್ಕು ದಿನ” ಎಂದರು ಅತ್ತೆ. “ಆವತ್ತು ಸೋಮವಾರ. ಕೆಲಸದಿಂದ ಬಂದು ಬಾಗಿಲನ್ನ ಎಡಗೈಯಲ್ಲಿ ತೆಗೆದ್ರು. ಮೊದಮೊದಲು ಬೆಳಿಗ್ಗೆ ಹೊತ್ತು ಮಾತ್ರ ಇತ್ತು ಡಾಕ್ಟ್ರೇ. ಆಮೇಲೆ ಎಡಮಗ್ಗುಲಿಗೇ ಮಲಗೋಕೆ ಶುರು ಮಾಡಿದ್ರು. ಈಗ ತಲೆ ಬಾಚೋವಾಗ ಕೈ ಎತ್ತಲ್ಲ, ತಲೇನೇ ಬಗ್ಗಿಸ್ತಾರೆ.”

ಡಾಕ್ಟರು ಎಲ್ಲವನ್ನೂ ಬರೆದುಕೊಂಡರು. ಮಾವ ಹೆಂಡತಿಯನ್ನೇ ನೋಡುತ್ತಾ ಕೂತರು. ಬೆಳಿಗ್ಗೆ ತಾವು ಪುಸ್ತಕದಲ್ಲಿ ತಿದ್ದಿ ಬರೆದದ್ದೂ ತಪ್ಪೇ ಆಗಿತ್ತು, ಒಂದು ತಿಂಗಳು ನಾಲ್ಕು ದಿನದಷ್ಟು.

“ಕೈಯನ್ನ ನಿಧಾನಕ್ಕೆ ಮೇಲೆತ್ತಿ” ಎಂದರು ಡಾಕ್ಟರು. “ಎಲ್ಲಿ ನೋಯೋಕೆ ಶುರುವಾಗುತ್ತೋ ಅಲ್ಲಿ ಹೇಳಿ.”

ಮಾವ ಎತ್ತಿದರು. ಸೊಂಟ ದಾಟಿತು, ಎದೆ ದಾಟಿತು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ “ಇಲ್ಲಿ” ಎಂದರು.

ಸರಿಯಾಗಿ ಅಲ್ಲೇ. ಮಾವ ಕೈಯನ್ನು ಅಲ್ಲೇ ನಿಲ್ಲಿಸಿದರು. “ಹೌದು ಕಣೇ, ನೋಯ್ತಿದೆ” ಎಂದರು.