ಮೂಲೆ ಮೇಜಿನವರು

ಬಂದವರಲ್ಲಿ ಗಂಡಸರನ್ನಷ್ಟೇ ದರ್ಜಿ ಕಣ್ಣಿನಲ್ಲಿ ಅಳೆಯುತ್ತಿದ್ದ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತು, ಒಬ್ಬೊಬ್ಬರೇ ಒಳಗೆ ಬರುವಾಗ ಭುಜ ಎಷ್ಟು, ತೋಳು ಎಷ್ಟು, ಕಾಲರ್ ಕೂರಿಸಿದ ಕೈ ಎಂಥದ್ದು ಎಂದು ನೋಡುತ್ತಿದ್ದ. ನಲವತ್ತೆರಡು ವರ್ಷ ಅದೇ ಕೆಲಸ ಮಾಡಿದ ಕಣ್ಣು ಅದು. ಹೆಂಡತಿ ಮುಂದಿನ ಕೋಣೆಯಲ್ಲಿ ಹೂವಿನ ನಡುವೆ ಮಲಗಿದ್ದರೂ ಅದಕ್ಕೆ ಸುಮ್ಮನಿರಲು ಬರುತ್ತಿರಲಿಲ್ಲ.

ಆದರೆ ಇವತ್ತು ಅವನು ಹುಡುಕುತ್ತಿದ್ದದ್ದು ಅಂಗಿಯನ್ನಲ್ಲ, ಅಂಗಿಯೊಳಗಿನ ಮನುಷ್ಯನನ್ನು. ಹೆಂಡತಿ ಕೆಲಸ ಮಾಡುತ್ತಿದ್ದ ಪಂಪಿನ ಕಂಪನಿಯಲ್ಲಿ ಮೂಲೆ ಮೇಜಿನವರು ಅಂತ ಒಬ್ಬರಿದ್ದರು. ಹನ್ನೆರಡು ವರ್ಷದಿಂದ ಆ ಮಾತು ದರ್ಜಿಯ ಕಿವಿಯಲ್ಲಿ, ಸ್ನಾನದ ನೀರು ಹೊಕ್ಕು ಕೂತ ಹಾಗೆ ಕೂತಿತ್ತು. ಅವರಿಗೂ ಇವಳಿಗೂ ಏನಾದರೂ ಇದ್ದಿದ್ದರೆ ಇವತ್ತು ಬಂದೇ ಬರುತ್ತಾರೆ, ಬಂದರೆ ಮುಖದಲ್ಲೇ ಗೊತ್ತಾಗುತ್ತದೆ ಎಂಬುದು ಅವನ ಲೆಕ್ಕಾಚಾರ. ಹನ್ನೊಂದು ಗಂಟೆಗೆ ವಾಹನ ಹೊರಡಬೇಕು. ಅಷ್ಟರೊಳಗೆ ಗೊತ್ತಾಗದೆ ಹೋದರೆ ಅನುಮಾನವನ್ನೂ ಅವಳ ಜೊತೆಗೇ ಮಣ್ಣಿಗೆ ಹಾಕಬೇಕು, ಅದು ತನ್ನಿಂದ ಆಗುವ ಕೆಲಸವಲ್ಲ ಎಂದು ಅವನಿಗೆ ಗೊತ್ತಿತ್ತು.

"ಭಾವ, ಹಾಗೆ ಗುರಾಯಿಸಬೇಡಿ," ಎಂದಳು ನಾದಿನಿ, ಟೀ ಲೋಟ ಅವನ ಕೈಗಿಡುತ್ತಾ. "ಬಂದೋರು ಹೆದರಿಕೊಂಡು ಕಿಟಕಿ ಹಾರಿ ಹೋಗ್ತಾರೆ."

ಹೆಂಡತಿಯ ತಂಗಿ ಇವಳು. ಅಕ್ಕನಿಗೆ ನಗು ಜಾಸ್ತಿ, ಇವಳಿಗೆ ಬಾಯಿ ಜಾಸ್ತಿ. ಬೆಳಗಿನಿಂದ ಅತ್ತು ಅತ್ತು ಕಣ್ಣು ಊದಿದ್ದರೂ ಬಾಯಿಗೆ ಏನೂ ಆಗಿರಲಿಲ್ಲ.

ದರ್ಜಿ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಇದೇನು, ಟೀಗೆ ಸಕ್ಕರೆ ಹಾಕಿದ್ದೋ, ಸಕ್ಕರೆಗೆ ಟೀ ಹಾಕಿದ್ದೋ?"

"ಇವತ್ತೊಂದು ದಿನ ಸುಮ್ಮನೆ ಕುಡೀರಿ. ನಮ್ಮಕ್ಕ ಎದ್ದು ಬಂದು ಬೈಯೋದು ಬೇಡ."

ಎದ್ದು ಬರುವವಳೇ ಅವಳು ಎಂದುಕೊಂಡು ದರ್ಜಿ ಒಳಗೆ ನೋಡಿದ. ಹೂವಿನ ನಡುವೆ ಅವಳ ಮುಖ, ಯಾವುದೋ ಚೇಷ್ಟೆ ಮಾಡಿ ಸಿಕ್ಕಿಬೀಳಬಾರದೆಂದು ಕಣ್ಣು ಮುಚ್ಚಿಕೊಂಡವಳ ಹಾಗೆ ಇತ್ತು.

*

ಹನ್ನೆರಡು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಅವನು ಹೊಲಿಗೆ ಯಂತ್ರದ ಮುಂದೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದ. ಪಕ್ಕದ ಕೋಣೆಯಲ್ಲಿ ಅವಳು ಆಫೀಸಿನ ಯಾರದೋ ಜೊತೆ ಫೋನಿನಲ್ಲಿದ್ದಳು.

"ಮೂಲೆಯವರಿಗೆ ಮಂಡಿ ನೋವು ಜಾಸ್ತಿ ಆಗಿದೆ," ಎನ್ನುತ್ತಿದ್ದಳು. "ನಾಳೆ ಬೇಗ ಬಂದು ಅವರ ಜೊತೆ ಒಂದರ್ಧ ಗಂಟೆ ಕೂರ್ತೀನಿ. ನಾನು ಕೂರದೆ ಅವರಿಗೆ ಜೀವ ಬರಲ್ಲ." ಆಮೇಲೆ ನಕ್ಕಳು. ಅವಳ ನಗು ಅಂದರೆ ಗೋಡೆ ಆಚೆಯ ಮನೆಯವರೂ ಕಾರಣ ಗೊತ್ತಿಲ್ಲದೆ ನಗಬೇಕು, ಅಂಥದ್ದು.

ದರ್ಜಿಗೆ ಎದೆಯಲ್ಲಿ ಸೂಜಿ ಮುರಿದ ಹಾಗಾಯಿತು. ಇಲ್ಲಿ ಮೂವತ್ತು ವರ್ಷ ಯಂತ್ರ ತುಳಿದು ಸವೆದ ಮಂಡಿಯೂ ಒಂದಿದೆಯಲ್ಲ, ಅದರ ಪಕ್ಕ ಅರ್ಧ ಗಂಟೆ ಕೂರುವವರು ಯಾರು ಎಂದು ಅವನಿಗೆ ಅನ್ನಿಸಿತು. ಆ ಸಂಜೆ ಕೇಳಿಯೇಬಿಟ್ಟ, ಯಾರವರು ಅಂತ.

ಅವಳ ಮುಖದಲ್ಲಿ ನಗು ಬಂದು, ಬಂದ ಹಾಗೇ ಒಳಗೆ ಹೋಯಿತು. "ಆಫೀಸಿನ ವಿಷಯ. ಹೇಳೋ ಹಾಗಿಲ್ಲ," ಎಂದಳು.

ಹೇಳುವ ಹಾಗಿಲ್ಲದ ವಿಷಯ ಗಂಡ ಹೆಂಡತಿ ನಡುವೆ ಏನಿರುತ್ತದೆ? ಅವನು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ಅದು ದೊಡ್ಡದಾಗುತ್ತಾ ಹೋಯಿತು. ವರ್ಷಕ್ಕೆ ನಾಲ್ಕಾರು ಸಲ ಮೂಲೆಯವರ ಸುದ್ದಿ ಗೋಡೆ ಆಚೆಯಿಂದ ಬಂದು ಬೀಳುತ್ತಿತ್ತು. ಅವರಿಗೆ ಲಿಫ್ಟ್ ಕಂಡರೆ ಆಗುವುದಿಲ್ಲ. ಅವರಿಗೆ ಫ್ಯಾನಿನ ಗಾಳಿ ಕತ್ತಿಗೆ ಬಡಿಯುತ್ತದೆ. ಅವರು ಮೇಲಿನವರಿಗೆ ಖಾರವಾಗಿ ಪತ್ರ ಬರೆದಿದ್ದಾರೆ. ಎಲ್ಲ ಕೂಡಿಸಿ ನೋಡಿದರೆ ಬರೀ ರಗಳೆ ಮನುಷ್ಯ. ಇಂಥವನಲ್ಲಿ ಏನು ಕಂಡಳೋ ಎಂದು ದರ್ಜಿ ಎಷ್ಟೋ ಸಲ ಬಟ್ಟೆ ಕತ್ತರಿಸುತ್ತಾ ಯೋಚಿಸಿದ್ದ, ಒಂದೆರಡು ಸಲ ಅಳತೆ ತಪ್ಪಿಯೂ ಇದ್ದ.

ಹಾಗಂತ ಅವಳು ಅವನಿಗೆ ಏನೂ ಕಡಿಮೆ ಮಾಡಲಿಲ್ಲ. ದಿನಾ ಸಂಜೆ ಅಂಗಡಿಗೆ ಬಂದು ಗುಂಡಿ ಹೊಲಿಯುತ್ತಿದ್ದಳು. ಅವನು ಗಿರಾಕಿಗಳನ್ನು ಬೈದರೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದಳು. ಕೆಲವು ಸಲ, "ಇನ್ನೊಂದು ಸಲ ಹೇಳಿ," ಎನ್ನುತ್ತಿದ್ದಳು. ಅದೇಕೆ ಅಂತ ಅವನಿಗೆ ಹೊಳೆದಿರಲಿಲ್ಲ.

*

ಒಂಬತ್ತೂವರೆಗೆ ಒಬ್ಬರು ಬಂದರು. ನೆರೆತು ನೀಟಾಗಿ ಬಾಚಿದ ತಲೆ, ಬೂದು ಬಣ್ಣದ ಉಣ್ಣೆಯ ಕೋಟು, ಕೈತುಂಬ ಬಿಳಿ ಹೂ. ಹೆಣದ ಮುಂದೆ ನಿಂತು ಹೆಗಲು ಅದುರುವ ಹಾಗೆ ಅತ್ತರು. ದರ್ಜಿಯ ಕಾಲು ತಾನಾಗೇ ಅತ್ತ ನಡೆಯಿತು.

"ನೀವು ಆಫೀಸಲ್ಲಿ ಕೂರೋದು ಎಲ್ಲಿ?" ಎಂದ, ನಮಸ್ಕಾರ ಕೂಡ ಹೇಳದೆ.

"ನಾನೆಲ್ಲಿ ಕೂರ್ತೀನಿ ಯಜಮಾನರೇ? ಬೆಳಗಿಂದ ಸಂಜೆವರೆಗೆ ನಿಂತೇ ಇರೋದು," ಎಂದರು ಅವರು ಕಣ್ಣೊರೆಸಿಕೊಂಡು. "ಕ್ಯಾಂಟೀನು ನನ್ನದು."

ಆಗ ದರ್ಜಿ ಕೋಟನ್ನು ಸರಿಯಾಗಿ ನೋಡಿದ. ತೋಳು ಎರಡು ಇಂಚು ಉದ್ದ, ಭುಜ ಇಳಿದುಬಿದ್ದಿದೆ. ಅಳಿಯನ ಕೋಟು ಎಂದು ಅವರೇ ಹೇಳಿಕೊಂಡರು. ದರ್ಜಿಗೆ ಒಂದು ಕಡೆ ನಿರಾಳವಾಯಿತು, ಒಂದು ಕಡೆ ಹೊತ್ತು ಹೋಗುತ್ತಿದೆಯಲ್ಲ ಎಂದೂ ಆಯಿತು. ತಡೆಯಲಾರದೆ, ಮೂಲೆ ಮೇಜಿನವರು ಬರುತ್ತಾರಾ ಎಂದು ಕೇಳಿದ.

ಕ್ಯಾಂಟೀನಿನವರ ಮುಖ ಅರಳಿತು. ಅವರನ್ನು ಕಂಡವರು ಯಾರೂ ಇಲ್ಲವಂತೆ. ಊರಾಚೆ ಹಳೆಯ ಗೋದಾಮಿನಲ್ಲಿ ಪಂಪುಗಳ ನಕ್ಷೆಗಳನ್ನು ನೋಡಿಕೊಂಡು ಒಂದು ಮೂಲೆಯಲ್ಲಿ ಕೂರುತ್ತಾರಂತೆ, ಇಲ್ಲಿಗೆ ಬರುವುದು ಅವರ ಪತ್ರ ಮಾತ್ರ. ಆದರೆ ಎಂಥ ಪತ್ರ ಅಂತೀರಿ ಎಂದು ಅವರು ಹೇಳುತ್ತಾ ಹೋದರು. ಎಲ್ಲರ ಹೊಟ್ಟೆಯೊಳಗಿನ ಮಾತನ್ನು ಆ ಮನುಷ್ಯ ಒಬ್ಬರೇ ಬರೆಯುತ್ತಾರೆ, ಅದಕ್ಕೇ ಹೋದ ವರ್ಷ ಕ್ಯಾಂಟೀನ್ ಸಮಿತಿಯ ಚುನಾವಣೆಗೆ ಅವರು ನಿಲ್ಲದೇ ಇದ್ದರೂ ಜನ ಅವರ ಹೆಸರು ಬರೆದು ಅರವತ್ತೆರಡು ಮತ ಹಾಕಿ ಗೆಲ್ಲಿಸಿದ್ದರು. ನನ್ನ ಟೀಗೇ ಸಕ್ಕರೆ ಜಾಸ್ತಿ ಅಂತ ಬರೆದು ನನ್ನ ಮಾನ ಕಳೆದರು, ನಾನೂ ಅವರಿಗೇ ಮತ ಹಾಕಿದೆ ಎಂದು ನಕ್ಕರು.

ಆ ಒಂದು ವಿಷಯದಲ್ಲಿ ಮನುಷ್ಯ ಸರಿಯಾಗೇ ಇದ್ದಾನೆ ಎಂದು ದರ್ಜಿಗೆ ಒಪ್ಪದೆ ವಿಧಿಯಿರಲಿಲ್ಲ.

ಹತ್ತು ಗಂಟೆಗೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಬಂದರು. ನಲವತ್ತು ದಾಟಿದ ಹೆಂಗಸು, ದರ್ಜಿಯ ಹೆಂಡತಿಯ ಕೈಕೆಳಗೆ ಕೆಲಸ ಕಲಿತು ಅವಳಿಗೇ ಮೇಲಧಿಕಾರಿಯಾದವರು. ಆದರೂ ಕೊನೆಯ ತನಕ ಅಕ್ಕ ಎಂದೇ ಕರೆಯುತ್ತಿದ್ದರು. ಹೂವಿಟ್ಟು, ಅಕ್ಕನ ಕೈ ಮುಟ್ಟಿ, ನೇರ ದರ್ಜಿಯ ಹತ್ತಿರ ಬಂದು, ಒಳಗೆ ಎಲ್ಲಾದರೂ ಐದು ನಿಮಿಷ ಕೂರೋಣವೇ ಎಂದು ಕೇಳಿದರು. ಹೊಲಿಗೆ ಯಂತ್ರದ ಕೋಣೆಯಲ್ಲಿ ಕೂತರು. ಅವರು ಬಾಯಿ ತೆರೆಯುವ ಮೊದಲೇ ದರ್ಜಿ ಕೇಳಿದ.

"ಮೂಲೆಯವರು ಬರಲ್ವಾ?"

"ಅವರು ಬರೋ ಹಾಗಿಲ್ಲ ಯಜಮಾನರೇ."

"ಯಾಕೆ? ಮಂಡಿನೋವಾ?"

ಮುಖ್ಯಸ್ಥೆ ಕುರ್ಚಿ ಹತ್ತಿರ ಎಳೆದುಕೊಂಡರು. "ಅವರು ಇಲ್ಲ," ಎಂದರು. "ತೀರಿಹೋಗಿಲ್ಲ. ಇರಲೇ ಇಲ್ಲ. ಅಕ್ಕ ಮಾಡಿದ ಮನುಷ್ಯ ಅವರು."

*

ಅವಳು ಆ ಕಂಪನಿಗೆ ಸೇರಿದ್ದು ಫೋನ್ ಕರೆ ಜೋಡಿಸುವ ಕೆಲಸಕ್ಕೆ. ಇನ್ನೂರು ಜನರ ದನಿ ಅವಳಿಗೆ ಗೊತ್ತಿತ್ತು. ಹಲೋ ಅಂದರೆ ಸಾಕು, ಇವತ್ತು ಮನೆಯಲ್ಲಿ ಜಗಳ ಆಗಿದೆ ಎಂದು ಹೇಳಿಬಿಡುತ್ತಿದ್ದಳು. ಆ ಕೆಲಸ ಹೋದಾಗ ಅವಳನ್ನು ಕಂಪ್ಯೂಟರ್ ಕೋಣೆಗೆ ಹಾಕಿದರು. ಅಲ್ಲಿ ದೊಡ್ಡ ಓದು ಓದಿದವರು, ದೂರದಿಂದ ತಂತಿಯ ದಾರಿಯಲ್ಲಿ ನುಗ್ಗಿ ಪಂಪಿನ ನಕ್ಷೆ ಕದಿಯುವವರನ್ನು ತಡೆಯಲು ತಲೆ ಕೆಡಿಸಿಕೊಂಡಿದ್ದರು. ಬೀಗದ ಮೇಲೆ ಬೀಗ ಹಾಕಿದರೂ ಕಳ್ಳ ಒಳಗೆ. ಕೊನೆಗೆ ಒಂದು ಬೋನು ಮಾಡಿದರು. ಇಲ್ಲದ ಒಬ್ಬ ನೌಕರನನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ಅವನಿಗೊಂದು ಮೇಲ್ ಪೆಟ್ಟಿಗೆ, ಪಾಸ್‌ವರ್ಡ್, ಸುಳ್ಳು ನಕ್ಷೆಗಳ ಫೈಲು ಕೊಟ್ಟರು. ಅವನಿಗೆ ಯಾರು ಬೇಕಾದರೂ ಪತ್ರ ಕಳಿಸಬಹುದು. ಆದರೆ ಆ ಕೋಣೆಯವರನ್ನು ಬಿಟ್ಟರೆ ಅವನ ಪೆಟ್ಟಿಗೆ ತೆರೆಯುವ ಕೆಲಸ ಯಾರಿಗೂ ಇಲ್ಲ. ತೆರೆದವನು ಕಳ್ಳನೇ, ತೆರೆದ ಕೂಡಲೇ ಇಲ್ಲಿ ಗಂಟೆ ಬಾರಿಸುತ್ತದೆ.

ಕಳ್ಳರು ಬಂದರು, ನೋಡಿದರು, ಮುಟ್ಟದೆ ಹೋದರು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ.

ಕೋಣೆಯ ಧೂಳು ಒರೆಸುತ್ತಿದ್ದ ಅವಳು ಪರದೆಯನ್ನು ಓದಿ ನೋಡಿ ಅಂದಳಂತೆ: "ಇವನಿಗೆ ಜೀವ ಇಲ್ಲ. ಮೂರು ತಿಂಗಳಲ್ಲಿ ಒಂದು ದಿನವೂ ಯಾರನ್ನೂ ಬೈದಿಲ್ಲ. ಇಂಥವನನ್ನ ಯಾರು ನಂಬ್ತಾರೆ?"

ಆವತ್ತಿನಿಂದ ಅವನು ಅವಳ ಕೂಸು. ಅವನನ್ನು ಗೋದಾಮಿನ ಮೂಲೆಗೆ ಕೂರಿಸಿದಳು, ಮಂಡಿನೋವು ಕೊಟ್ಟಳು, ಫ್ಯಾನಿನ ಮೇಲೆ ಸಿಟ್ಟು ಕೊಟ್ಟಳು. ದಿನಾ ಬೆಳಗ್ಗೆ ಅರ್ಧ ಗಂಟೆ ಕೂತು ಅವನ ಹೆಸರಲ್ಲಿ ಗೊಣಗಿದಳು. ಹನ್ನೆರಡು ವರ್ಷದಲ್ಲಿ ಏಳು ಜನ ಸಿಕ್ಕಿಬಿದ್ದರು. ಅವರಲ್ಲೊಬ್ಬ ಸಮುದ್ರದಾಚೆಯವನು, ನಕ್ಷೆ ಕದಿಯಲು ಬಂದವನು ನಾಲ್ಕು ದಿನ ಕೂತು ಮಂಡಿನೋವಿನ ಪುರಾಣ ಓದುತ್ತಿದ್ದ. ಅಷ್ಟರಲ್ಲಿ ಅವನ ಮನೆಯ ಬಾಗಿಲಿಗೆ ಪೊಲೀಸರು ಬಂದಿದ್ದರು.

*

"ಯಾರಿಗೂ ಹೇಳಲ್ಲ ಅಂತ ಕಾಗದಕ್ಕೆ ರುಜು ಹಾಕಿದ್ದರು," ಎಂದರು ಮುಖ್ಯಸ್ಥೆ. ಆಸ್ಪತ್ರೆಯಲ್ಲಿ ಅಕ್ಕ ತನ್ನ ಕೈ ಹಿಡಿದು ಹೇಳಿದ್ದು ಇಷ್ಟೇ ಅಂತೆ: ರುಜು ಹಾಕಿದ ಕೈ ಹೋದಮೇಲೆ ನೀನೇ ಹೇಳು, ಒಂದು ದಿನವೂ ತಡ ಮಾಡಬೇಡ, ನಮ್ಮನೆಯವರು ಕೇಳೋದು ಬಿಟ್ಟಿದ್ದಾರೆ, ಮರೆತಿಲ್ಲ.

ದರ್ಜಿಗೆ ತಕ್ಷಣ ನಂಬಿಕೆ ಬರಲಿಲ್ಲ. ಮುಖ್ಯಸ್ಥೆ ಫೋನ್ ತೆರೆದು ಪತ್ರಗಳನ್ನು ತೋರಿಸಿದರು. ಅವನು ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, ತುಟಿ ಆಡಿಸುತ್ತಾ ಓದಿದ.

'ಮಾನ್ಯರೇ, ಮೆಟ್ಟಿಲಿಗೆ ಕಂಬಿ ಹಾಕಿಸುವುದಾಗಿ ಹೇಳಿ ಮೂರು ವರ್ಷವಾಯಿತು. ನನ್ನ ಮಂಡಿಗೆ ನಿಮ್ಮಷ್ಟು ತಾಳ್ಮೆಯಿಲ್ಲ.' ಇದು ತಾನು ಮನೆ ಮಾಲೀಕನಿಗೆ ಹೇಳಿದ ಮಾತು. 'ಇದು ಟೀಗೆ ಸಕ್ಕರೆ ಹಾಕಿದ್ದೋ, ಸಕ್ಕರೆಗೆ ಟೀ ಹಾಕಿದ್ದೋ ತಿಳಿಸಬೇಕಾಗಿ ವಿನಂತಿ.' ಇದಂತೂ ಇವತ್ತು ಬೆಳಗ್ಗೆಯೇ ಬಾಯಿಂದ ಬಿದ್ದಿದೆ. ಮುಂದಿನದರಲ್ಲಿ ಹೀಗಿತ್ತು: 'ನನ್ನ ಹೆಂಡತಿ ಹೇಳುವುದೇನೆಂದರೆ, ನಾನು ಬೈಯುತ್ತಿದ್ದರೆ ಆರೋಗ್ಯವಾಗಿದ್ದೇನೆಂದು ಅರ್ಥ, ಸುಮ್ಮನಾದ ದಿನ ಡಾಕ್ಟರಿಗೆ ಫೋನ್ ಮಾಡಬೇಕು.'

ಹನ್ನೆರಡು ವರ್ಷ ತಾನು ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಮೇಲೇ. ಅಳು ಬಂತು ಎಂದುಕೊಂಡ ದರ್ಜಿ, ಬಂದದ್ದು ನಗು. ಯಂತ್ರದ ಮೇಲೆ ಬಗ್ಗಿ ನಕ್ಕ, ಕಣ್ಣಲ್ಲಿ ನೀರು ಸುರಿಯುವ ತನಕ ನಕ್ಕ. ಮುಂದಿನ ಕೋಣೆಯಲ್ಲಿ ಮಾತು ನಿಂತಿತು. ನಾದಿನಿ ಓಡಿಬಂದು ಬಾಗಿಲಲ್ಲಿ ನಿಂತು, ಭಾವನಿಗೆ ತಲೆ ಕೆಟ್ಟಿತು ಎಂದು ಮುಖ್ಯಸ್ಥೆಯ ಕಡೆ ನೋಡಿದಳು. ಆ ಹೆಂಗಸೂ ನಗುತ್ತಿದ್ದದ್ದು ಕಂಡು, ಏನೂ ತಿಳಿಯದೆ, ಅಕ್ಕನ ಮನೆಯ ಅಭ್ಯಾಸದಂತೆ ತಾನೂ ನಕ್ಕಳು.

"ಈಗ ಇದೇ ಉಪಾಯ ಎಂಟು ಕಂಪನಿಯವರು ತಗೊಂಡಿದಾರೆ," ಎಂದರು ಮುಖ್ಯಸ್ಥೆ. "ಎಂಟು ಕಡೆ ಕೂತು ಬೈತಾ ಇದೀರಿ ನೀವು."

"ಎಂಟು ಕಡೆ ಮಂಡಿನೋವಾ?" ಎಂದ ದರ್ಜಿ.

ನಾದಿನಿ ಹೋದಮೇಲೆ ಮುಖ್ಯಸ್ಥೆ ತಮ್ಮ ಕಷ್ಟ ಹೇಳಿಕೊಂಡರು. ಅಕ್ಕ ಮಲಗಿ ಮೂರು ವಾರ. ಮೂರು ವಾರದಿಂದ ಮೂಲೆಯವರು ಒಂದಕ್ಷರ ಬರೆದಿಲ್ಲ. ಕಳ್ಳನಿಗೆ ಇಷ್ಟೇ ಸಾಕು ಅನುಮಾನಕ್ಕೆ. ತಮಗೆ ಬರೆಯಲು ಬರುವುದಿಲ್ಲ, ಬರೆದರೆ ಸರ್ಕಾರದ ಸುತ್ತೋಲೆ ಆಗುತ್ತದೆ. ನಿಮಗೆ ಬೇಸರವಾದರೆ ನಾಳೆಯೇ ಅವರಿಗೆ ನಿವೃತ್ತಿ ಕೊಟ್ಟುಬಿಡುತ್ತೇವೆ ಎಂದರು.

ದರ್ಜಿ ಮಂಡಿ ತಿಕ್ಕುತ್ತಾ ಯೋಚಿಸಿದ. ಹೊರಗೆ ವಾಹನದವನು ಬಾಗಿಲು ತೆರೆಯುವ ಸದ್ದಾಯಿತು.

"ಅವನ ಹೆಂಡತಿ ಹೋಗಿದಾಳೆ," ಎಂದ. "ಮೊದಲು ರಜೆ ಕೇಳಬೇಕಲ್ಲ. ಬರ್ಕೊಳ್ಳಿ."

ಅವನು ಹೇಳಿದ, ಅವರು ಫೋನಿನಲ್ಲಿ ಬರೆದರು. ಮಾನ್ಯರೇ, ನನ್ನ ಹೆಂಡತಿ ಇಂದು ಬೆಳಗಿನ ಜಾವ ತೀರಿಕೊಂಡಳು. ಮೂರು ವಾರದಿಂದ ಅವಳ ಪಕ್ಕ ಕೂತಿದ್ದರಿಂದ ನಿಮ್ಮನ್ನು ಬೈಯಲು ಆಗಲಿಲ್ಲ, ಕ್ಷಮಿಸಬೇಕು. ಎರಡು ದಿನ ರಜೆ ಬೇಕು. ಹೆಚ್ಚು ಬೇಡ, ಮನೆಯಲ್ಲಿ ಕೂತರೆ ನಗುವವರು ಯಾರೂ ಇಲ್ಲ.

ಅವನು ಕೈಯಾಡಿಸಿ, ಸಾಕು, ಕಳಿಸಿ ಎಂದ.

ರಜೆಯ ಅರ್ಜಿ ಹೋದರೆ ಕಂಪನಿಯವರಿಗೆಲ್ಲ ತಾನಾಗೇ ಸುದ್ದಿ ಹೋಗುವ ಪದ್ಧತಿ. ಅಂಗಳದಲ್ಲಿ ನಿಂತಿದ್ದ ಆಫೀಸಿನವರ ಜೇಬುಗಳು ಒಟ್ಟಿಗೇ ಗುಂಯ್ ಎಂದವು. ದರ್ಜಿ ಹೊರಗೆ ಬರುವಾಗ ಅವರೆಲ್ಲ ತಲೆ ಬಗ್ಗಿಸಿ ಓದುತ್ತಿದ್ದರು. ಯಾರೋ, ಅಯ್ಯೋ ಪಾಪ, ಅದಕ್ಕೇ ಮನುಷ್ಯ ಸುಮ್ಮನಾಗಿದ್ದು ಎಂದರು. ಒಂದೇ ದಿನ ಎರಡು ಮನೆಯಲ್ಲಿ ಸಾವು ಎಂದರು ಇನ್ನೊಬ್ಬರು. ಗಂಡಸರು ಅವಳನ್ನು ಎತ್ತಿ ತಂದು ವಾಹನದಲ್ಲಿ ಮಲಗಿಸಿದರು.

ಕ್ಯಾಂಟೀನಿನವರು ತಮ್ಮ ಹೂವನ್ನು ಇನ್ನೂ ಇಟ್ಟಿರಲಿಲ್ಲ. ವಾಹನದ ಹಿಂದೆ ನಿಂತು ಆ ಬಿಳಿ ಹೂವಿನ ಕಟ್ಟನ್ನು ಬಿಚ್ಚಿ, ಕಡ್ಡಿ ಎಣಿಸಿ, ಸರಿಯಾಗಿ ಎರಡು ಪಾಲು ಮಾಡಿದರು. ಒಂದು ಪಾಲನ್ನು ಅವಳ ಕಾಲ ಬಳಿ ಇಟ್ಟರು. ಇನ್ನೊಂದನ್ನು ಒದ್ದೆ ಕಾಗದದಲ್ಲಿ ಸುತ್ತಿ ಹಿಡಿದುಕೊಂಡು, ಮೂಲೆಯವರ ಮನೆ ಎಲ್ಲಿ ಅಂತ ಯಾರಿಗಾದರೂ ಗೊತ್ತಾ ಎಂದು ಕೇಳುತ್ತಾ ಬಂದರು.

"ನನಗೆ ಗೊತ್ತು," ಎಂದ ದರ್ಜಿ. "ಕೊಡಿ, ನಾನು ತಲುಪಿಸ್ತೀನಿ."

ಅವರು ಕೊಟ್ಟರು. ಅವರಿಗೂ ಧೈರ್ಯ ಹೇಳಿ ಅಂದರು. ದರ್ಜಿ ಹೂ ಹಿಡಿದು ವಾಹನ ಹತ್ತಿ, ಹೆಂಡತಿಯ ತಲೆಯ ಪಕ್ಕ ಕೂತು, ಸುತ್ತಿದ ಒದ್ದೆ ಕಾಗದವನ್ನು ನಿಧಾನ ಬಿಚ್ಚತೊಡಗಿದ.