ಬಂದವರಿಗೆ ಕೊಟ್ಟ ನೀರು

ಶಿವರಾತ್ರಿ ಕಳೆದು ಹುಣಸೆ ಬಡಿಯುವ ಕಾಲ. ಹೊತ್ತು ಮಾರುದ್ದ ಏರಿತ್ತು.

"ನೀರು ಉಪ್ಪು ಅಂತ ಅರ್ಜಿ ಕೊಟ್ಟ ಬೋಳಿಮಗ ಯಾವನ್ಲಾ?"

ಪಂಚಾಯ್ತಿ ಮೆಂಬರು ಸೋಮಶೇಖರ ನಮ್ಮ ಕೇರಿಯ ಬಾಯಲ್ಲೇ ನಿಂತು ಕೂಗಿದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನ ಪಕ್ಕದಲ್ಲಿ ನೀರು ಪರೀಕ್ಷೆಯ ಸಾಹೇಬರು, ಅಮೃತೇಶ್ ಅಂತ, ಮೂಗಿಗೆ ಕರ್ಚೀಫು ಹಿಡಿದಿದ್ದರು.

"ನಾನೇ ಬುದ್ಧಿ, ಮರಿಯಯ್ಯ" ಅಂದೆ.

ಬಣ್ಣದ ಫ್ಯಾಕ್ಟರಿ ಬಂದ ಮೇಲೆ ನಮ್ಮ ಬೋರಿನ ನೀರು ಉಪ್ಪಾಯಿತು. ಮೊದಲ ವರ್ಷ ಬೇಳೆ ಬೇಯಲಿಲ್ಲ, ಆಮೇಲೆ ತಟ್ಟೆಗಳ ಮೇಲೆ ಬಿಳಿ ಹತ್ತಿತು. ಈಗ ಸೊಸೆ ರೋಜಾ ಆರು ತಿಂಗಳ ಬಸುರಿ. ತಾಯಿಯಿಲ್ಲದ ಹುಡುಗಿ, ಬಾಣಂತನ ನಮ್ಮಲ್ಲೇ ಆಗಬೇಕು. ಅವಳ ಪಾದ ಊದಿ ಕಾಲುಂಗುರ ಹೂತುಹೋಗಿತ್ತು. ಬೀಪಿ ಏರಿದೆ, ಉಪ್ಪು ಮುಟ್ಟಿಸಬೇಡಿ ಎಂದರು ನರ್ಸಮ್ಮ. ಸಪ್ಪೆ ಸಾರು ಮಾಡಿದೆವು. ನೀರೇ ಉಪ್ಪಾದರೆ? ಮಗ ನಟರಾಜ ದಿನಾ ಬೆಳಿಗ್ಗೆ ಸೋಮಶೇಖರನ ತೋಟದ ಬಾವಿಯಿಂದ ಒಂದು ಕ್ಯಾನು ಸಿಹಿನೀರು ತರುತ್ತಿದ್ದ. ಬಾವಿ ಮುಟ್ಟುವಂತಿಲ್ಲ, ಆಳು ಪೈಪು ಹಿಡಿಯುವ ತನಕ ಇವನು ಕ್ಯಾನಿಟ್ಟು ದೂರ ನಿಲ್ಲಬೇಕು. ಆ ನೀರನ್ನು ಮನೆಯಲ್ಲಿ ರೋಜಾ ಬಿಟ್ಟು ಯಾರೂ ಕುಡಿಯುತ್ತಿರಲಿಲ್ಲ.

ಸಾಹೇಬರು ನಮ್ಮ ಬಾಗಿಲಿಗೇ ಬಂದರು. ಸರ್ಕಾರಿ ಮನುಷ್ಯ ನಮ್ಮ ಹೊಸಿಲಿಗೆ ಬಂದದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಬಂದವರಿಗೆ ನೀರು ಕೊಡದೆ ಇರುವುದುಂಟೆ? ಉಪ್ಪು ನೀರು ಕೊಡುವುದುಂಟೆ? ನನ್ನ ಹೆಂಡತಿ ಮಾದಮ್ಮ ಚೆಂಬು ಬೆಳಗಿ, ರೋಜಾಳ ಕ್ಯಾನಿನಿಂದ ಬಗ್ಗಿಸಿ ತಂದಳು.

"ಕುಡೀರಿ ಸಾ. ಬಿಸ್ಲಲ್ಲಿ ಬಂದಿದ್ದೀರಿ."

ಸಾಹೇಬರು ಚೆಂಬು ಮುಟ್ಟಲಿಲ್ಲ. ಬ್ಯಾಗಿನಿಂದ ಖಾಲಿ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದರು.

"ಇದಕ್ಕೇ ಹುಯ್ಯಮ್ಮ. ಆ ಚರಂಡಿ ದಾಟ್ಕೊಂಡು ಬೋರ್ ತನಕ ಯಾರು ಹೋಗ್ತಾರೆ."

ಮಾದಮ್ಮನ ಕೈ ನಿಂತಿತು. ಅವಳು ನನ್ನನ್ನು ನೋಡಿದಳು, ನಾನು ಸೋಮಶೇಖರನನ್ನು ನೋಡಿದೆ. ಅದು ತನ್ನ ಬಾವಿ ನೀರೆಂದು ಅವನಿಗೆ ಗೊತ್ತು. ಕ್ಯಾನು ಬಾಗಿಲಲ್ಲೇ ಇತ್ತು.

"ಸಾ, ಅದು..." ಅಂದೆ.

"ಸಾಹೇಬ್ರು ಏಳಿದ್ ಮಾಡಮ್ಮಿ" ಅಂದ ಅವನು.

ಮಾದಮ್ಮ ಹುಯ್ದಳು.

ಹದಿನೈದು ದಿನಕ್ಕೆ ರಿಪೋರ್ಟು ಬಂತು. ಕುಡಿಯಲು ಯೋಗ್ಯ. ನಾವು ಕೇಳಿದ್ದ ಟ್ಯಾಂಕರು ಇಲ್ಲ. ಮಾರನೆ ಬೆಳಿಗ್ಗೆ ನಟರಾಜ ಖಾಲಿ ಕ್ಯಾನು ಹಿಡಿದು ಬಂದ. ನಾನೇ ತೋಟಕ್ಕೆ ಹೋದೆ.

"ನಿಮ್ ಬೋರಲ್ಲಿ ಅಮೃತ ಅದೆ ಅಂತ ಸರ್ಕಾರವೇ ಬರ್ಕೊಟ್ಟದೆ ಕಣಯ್ಯ" ಅಂದ ಸೋಮಶೇಖರ. "ನನ್ ಬಾವಿ ತಾವ ನಿಂಗೇನ್ ಕ್ಯಾಮೆ?"

ಸಾಹೇಬರ ಆಫೀಸಿಗೆ ಹೋಗಿ ಬಾಗಿಲ ಹೊರಗೆ ನಿಂತೆ. ಮಧ್ಯಾಹ್ನ ಊಟ ಮುಗಿಸಿ ಕರೆದರು.

"ನಿನ್ನ ಹೆಂಡ್ತಿನೇ ಕೈಯಾರೆ ಹುಯ್ದಿದ್ದಲ್ವೇನಯ್ಯ? ಈಗ ಅದು ನಮ್ಮ ನೀರಲ್ಲ ಅಂದ್ರೆ?"

"ತಪ್ಪಾಯ್ತು ಸಾ. ಇನ್ನೊಂದ್ ಸತಿ ಬನ್ನಿ."

"ಮುಂದಿನ ವರ್ಷ ಅರ್ಜಿ ಕೊಡು."

ರೋಜಾಳ ಹೊಟ್ಟೆಗೆ ಅಷ್ಟು ಪುರುಸೊತ್ತು ಇರಲಿಲ್ಲ. ಬೋರಿನ ನೀರನ್ನೇ ಕುಡಿದಳು. ಎಂಟು ತುಂಬುವ ಮೊದಲೇ ಒಂದು ಬೆಳಿಗ್ಗೆ ಒಲೆ ಮುಂದೆ ಬಿದ್ದು ಸೆಟೆದಳು. ಆಟೋ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು.

ಹನ್ನೆರಡನೆಯ ದಿನ ರೋಜಾ, ಸೋಮನಾಥಪುರದ ಅಕ್ಕನ ಮನೆಗೆ ಹೋಗುತ್ತೇನೆಂದು ಬಟ್ಟೆ ಕಟ್ಟಿದಳು.

"ಇವತ್ತು ಸುಕ್ರಾರ ಕಣವ್ವ, ಮನೆ ಎಣ್ಣು ಆಚೆ ಓಗ್ಬಾರ್ದು" ಅಂದಳು ಮಾದಮ್ಮ. ಕೇಳುವುದಿಲ್ಲ ಎಂದು ಗೊತ್ತಾಗಿ ಚೆಂಬು ನೀಡಿದಳು. "ಒಂದ್ ಗುಟುಕು ನೀರಾರ ಕುಡ್ಕೊಂಡೋಗು."

ರೋಜಾ ಚೆಂಬು ತೆಗೆದುಕೊಂಡಳು. ಕುಡಿಯಲಿಲ್ಲ. ತುಳುಕದಂತೆ ಹಿಡಿದುಕೊಂಡು ಊರೊಳಗಿನ ಬೀದಿಗೆ ನಡೆದಳು. ಗಂಟು ಹೊತ್ತು ನಾನು ಹಿಂದೆ ಹೋದೆ. ಸೋಮಶೇಖರ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನ ಮುಂದೆ ಚೆಂಬಿಟ್ಟಳು.

"ಸರ್ಕಾರ ಒಳ್ಳೇದು ಅಂದದೆ. ಕುಡೀರಿ."

ಅವನು ಕಾಲು ಮೇಲೆಳೆದುಕೊಂಡ. ಅವಳು ತಿರುಗಿ ನೋಡದೆ, ನನ್ನಿಂದ ಗಂಟು ಇಸಿದುಕೊಂಡು, ಸೋಮನಾಥಪುರದ ಮೇಲೆ ಹೋಗುವ ನರಸೀಪುರದ ಬಸ್ಸು ಹತ್ತಿದಳು.

ಕೇರಿಯ ಚೆಂಬನ್ನು ಆ ಜಗಲಿಯಿಂದ ಎತ್ತುವವರು ಯಾರು? ಸಂಜೆ ಸೋಮಶೇಖರ ನಮ್ಮಲ್ಲಿಗೆ ಆಳು ಕಳಿಸಿದ. ನಾನೇ ಹೋಗಿ ಎತ್ತಿಕೊಂಡೆ. ಜಗಲಿ ತೊಳೆ ಎಂದು ಪೊರಕೆ ಎಸೆದರು. ತೊಳೆದೆ.

ನಟರಾಜ ಭಾನುವಾರ ಅವಳ ಹಿಂದೆ ಹೋದ. ಇಬ್ಬರೂ ಇನ್ನೂ ತಿರುಗಿ ಬಂದಿಲ್ಲ. ರೋಜಾ ಮನೆ ಬಿಟ್ಟದ್ದು ಬಸವ ಜಯಂತಿಯ ಹಿಂದಿನ ಶುಕ್ರವಾರ.