ಎರಡು ಕದ ಕೂಡುವಲ್ಲಿ

ಕಿಟಕಿಯ ಗಾಜಿನಲ್ಲಿ ಇಂಜಿನಿಯರನ ಕತ್ತು ಒಮ್ಮೆ ಕೊಕ್ಕರೆಯ ಹಾಗೆ ಉದ್ದವಾಯಿತು, ಮುಂದಿನ ಹೆಜ್ಜೆಗೆ ಮಾಯವೇ ಆಗಿ ತಲೆ ನೇರ ಹೆಗಲ ಮೇಲೆ ಬಂದು ಕೂತಿತು — ಹಳೇ ಗಾಜು, ಎಲ್ಲೂ ಮಟ್ಟವಿಲ್ಲ, ಒಳಗೆಲ್ಲ ಅಲೆ, ಅಲ್ಲಲ್ಲಿ ಸಾಸಿವೆಯಷ್ಟು ಗುಳ್ಳೆ, ಅಂಗಳದಲ್ಲಿ ನಡೆಯುವವರು ಎಷ್ಟು ದೊಡ್ಡ ಮನುಷ್ಯರಾದರೂ ಸರಿ, ಒಂದು ಸಲ ಕುಣಿಸಿಯೇ ಬಿಡುತ್ತದೆ — ಹತ್ತಕ್ಕೆ ಬರ್ತೀನಿ ಅಂದವನು ಹತ್ತಕ್ಕೇ ಬಂದ, ಅಳತೆಪಟ್ಟಿ ಆಗಲೇ ಕೈಯಲ್ಲಿದೆ, ಬರಲಿ, ಅವಳು ಮೆಟ್ಟಿಲಿನ ತಿರುವಿನಲ್ಲಿ ನಿಂತು ತೋಳಿನಿಂದ ಗಾಜಿನ ಮೂಲೆ ಒರೆಸುತ್ತಾಳೆ, ಒರೆಸಲು ಅಲ್ಲೇನೂ ಇಲ್ಲ, ಬೆಳಗಿನಿಂದ ಒರೆಸಿದ್ದನ್ನೇ ಒರೆಸುತ್ತಿದ್ದಾಳೆ, ಐವತ್ತೊಂಬತ್ತು ವರ್ಷದ ಹೆಂಗಸು, ಬೀದಿಯವರೆಲ್ಲ ಕಿಟಕಿಯಕ್ಕ ಎಂದೇ ಕರೆಯುವವಳ ಕೈ, ಪರೀಕ್ಷೆಗೆ ಕೂತ ಮಗುವಿನ ಹಾಗೆ ಬೆವರುವುದೇ — ಬೆವರಲಿ, ಹದಿನಾಲ್ಕು ಕಿಟಕಿಗಳ ಹಣೆಬರಹ ಇವತ್ತು ಈ ಒಂದರ ಮೇಲಿದೆ, ಹದಿನಾಲ್ಕನ್ನೂ ಕಿತ್ತು ಅಲ್ಯೂಮಿನಿಯಂ ಹಾಕೋಣ ಎಂದವನು ಅವನು, ಉಳಿಸಬಹುದು ಎಂದವಳು ಇವಳು, ಇಬ್ಬರ ನಡುವೆ ಮನೆಯ ಯಜಮಾನಿ, ಹಲ್ಲಿನ ಡಾಕ್ಟರಮ್ಮ, ಕೆಳಗಡೆ ನನ್ನ ಕ್ಲಿನಿಕ್ ಬರುತ್ತೆ ಅಕ್ಕಾ, ಧೂಳು ಬರಬಾರದು, ಗಾಳಿ ಬರಬಾರದು, ಒಂದು ಕಿಟಕಿ ಮಾಡಿ ತೋರಿಸಿ, ಅದು ಸರಿಯಾಗಿ ಮುಚ್ಚಿದ್ರೆ ಹದಿನಾಲ್ಕೂ ಇರಲಿ, ಇಲ್ಲಾಂದ್ರೆ ಸೋಮವಾರ ಲಾರಿ ಬರುತ್ತೆ — ಯಾವ ಕಿಟಕಿ ಎಂದು ಆರಿಸಿದವನು ಇಂಜಿನಿಯರನೇ, ಮನೆಯೆಲ್ಲ ಸುತ್ತಿ, ಬಾಯಲ್ಲಿ ಹುಳುಕು ಹಲ್ಲು ಹುಡುಕಿದ ಹಾಗೆ ಹುಡುಕಿ, ಈ ಮೆಟ್ಟಿಲಿನ ತಿರುವಿಗೆ ಬಂದು ಬೆರಳಿಟ್ಟ, ಇದೇ ನೋಡಿ ಎಲ್ಲಕ್ಕಿಂತ ಹದಗೆಟ್ಟಿದ್ದು, ಎರಡು ಕದ ಕೂಡೋ ಕಡೆ ಬೆರಳು ತೂರುತ್ತೆ, ಇದನ್ನ ಮಾಡಿ ತೋರ್ಸಿ — ಹದಿಮೂರು ಬಿಟ್ಟು ಇದಕ್ಕೇ ಬೆರಳಿಟ್ಟನಲ್ಲ ಪುಣ್ಯಾತ್ಮ, ಅವನಿಗೇನು ಗೊತ್ತು, ಆಗಲಿ ಸಾರ್ ಎಂದಳು, ಅಷ್ಟೇ.

ಮೂರು ವಾರ ಹಿಡಿಯಿತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ, ಇವನ ಆಳುಗಳು ಹಾರೆ ಹಾಕಿದ್ದರೆ ಹದಿನಾಲ್ಕು ಕಿಟಕಿಗೆ ಒಂದು ಬೆಳಿಗ್ಗೆ ಸಾಕಿತ್ತು, ಅವಳು ಒಂದಕ್ಕೆ ಮೂರು ವಾರ — ಬಣ್ಣವೇ ಐದು ಪದರ, ಮೇಲೆ ಬಿಳಿ, ಬಿಳಿಯ ಕೆಳಗೆ ಕೆನೆ, ಕೆನೆಯ ಕೆಳಗೆ ಯಾರ ಪುಣ್ಯಕ್ಕೋ ಆಸ್ಪತ್ರೆಯ ನೀಲಿ, ಮತ್ತೆ ಹಸಿರು, ಮತ್ತೆ ಹಸಿರು, ತಳದಲ್ಲಿ ಬರೀ ಎಣ್ಣೆ ಕುಡಿದ ಮರ, ಮೊದಲ ದಿನ ಹೇಗಿತ್ತೋ ಹಾಗೇ, ಜೇನಿನ ಬಣ್ಣ — ಚಿಲಕ ಕಬ್ಬಿಣದ್ದು ಎಂದುಕೊಂಡಿದ್ದರು ಎಲ್ಲರೂ, ಕಬ್ಬಿಣವಂತೆ, ಹಳೇ ಪಾತ್ರೆಯಲ್ಲಿ ಸೋಡಾಪುಡಿ ಹಾಕಿ ಕುದಿಸಿದರೆ ಬಣ್ಣವೆಲ್ಲ ಹಾಲಿನ ಕೆನೆಯ ಹಾಗೆ ಸುಲಿದು ಬಂತು, ಒಳಗೆ ಹಿತ್ತಾಳೆ, ಬೆರಳು ತಾಗಿ ತಾಗಿ ಒಂದು ಕಡೆ ಸವೆದ ಹಿತ್ತಾಳೆ, ಡಾಕ್ಟರಮ್ಮ ಅಯ್ಯೋ ಇದು ನಮ್ಮನೇದಾ ಎಂದು ಹಲ್ಲಿನ ಕಿಟ್ಟ ಕೆರೆಯುವ ಕೊಕ್ಕೆಕಡ್ಡಿ ತಂದು ನೆಲಕ್ಕೇ ಕೂತುಬಿಟ್ಟಳು, ತಿರುಪುಗಳ ಗೀರಿನಿಂದ ಒಣಗಿದ ಬಣ್ಣ ಕೆರೆಯುತ್ತ, ಎಲ್ಲಿ ಬಾಯಿ ತೆಗೀರಿ ನೋಡೋಣ, ಚಿಲಕಕ್ಕೇ ಹೇಳುತ್ತಾಳೆ ಮಹಾತಾಯಿ — ಆ ದಿನವೇ, ಅದೇ ನಗುಮುಖದಲ್ಲೇ ಹೇಳಿದ್ದು, ಅಕ್ಕಾ, ಆಗೆಲ್ಲ ಈ ಮನೆಗೆ ಬರ್ತಿದ್ದ ಬಡಗಿ ನಿಮ್ಮಪ್ಪ ಅಲ್ವಾ, ಅಜ್ಜಿ ಹೇಳ್ತಿದ್ರು, ಕೊನೆಕೊನೆಗೆ ಅವರಿಗೆ ಕೈ ಹೋಗಿತ್ತಂತೆ, ಈ ಕಿಟಕೀನ ಅವರೇ ಕೆಡಿಸಿದ್ದಂತೆ — ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಆಡಿದ ಮಾತು, ಅವಳ ಕೈಯಲ್ಲಿ ಉಳಿ ಇತ್ತು, ಉಳಿ ನಿಲ್ಲಲಿಲ್ಲ, ಹೌದೂ ಅನ್ನಲಿಲ್ಲ ಅಲ್ಲವೂ ಅನ್ನಲಿಲ್ಲ, ಅಂದಿನಿಂದ ಆ ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಕೂತಿದೆ, ಉಗುಳಲೂ ಆಗದು, ನುಂಗಲೂ ಆಗದು.

ಅಪ್ಪನಿಗೆ ಕೈ ಹೋಗಿತ್ತಂತೆ! ಸಾಯುವ ಹಿಂದಿನ ವಾರವೂ ಕಣ್ಣು ಮುಚ್ಚಿ ಹಲಗೆಯ ಮೇಲೆ ಹೆಬ್ಬೆರಳು ಎಳೆದು ಇಲ್ಲಿ ಒಂದು ಕೂದಲು ಎತ್ತರ ಇದೆ ಎನ್ನುತ್ತಿದ್ದ ಕೈ ಅದು — ಕಾಲು ಹೋಗಿತ್ತು, ಕಾಲು, ಆ ಮಳೆಗಾಲ ಏಣಿಯಿಂದ ಬಿದ್ದು ಕಾಲು ಮುರಿದು ಮಂಚದಲ್ಲಿದ್ದ, ಆಗ ಅವಳಿಗೆ ಹತ್ತೊಂಬತ್ತು, ಈ ಮನೆಯಿಂದ ಹೇಳಿಕಳಿಸಿದರು, ಮೆಟ್ಟಿಲ ಹತ್ತಿರದ ಕಿಟಕಿ ಬಿಗಿಯಾಗಿದೆ, ತೆಗೆಯಲು ಬರುತ್ತಿಲ್ಲ, ಅಪ್ಪ ಮಲಗಿದಲ್ಲಿಂದಲೇ, ಹೋಗು, ಕೀಲುಗಳಿಗೆ ಎಣ್ಣೆ ಬಿಟ್ಟು ಬಾ, ಅಷ್ಟೇ, ಮರ ಮುಟ್ಟಬೇಡ ಮಗಳೇ, ಮಳೆ ಕುಡಿದು ಉಬ್ಬಿದೆ ಅದು, ಬಿಸಿಲು ಬಂದ್ರೆ ತಾನಾಗೇ ಇಳಿಯುತ್ತೆ, ಮಳೆಗಾಲದಲ್ಲಿ ಕದ ಉಜ್ಜೋನು ಬಡಗಿ ಅಲ್ಲ — ಕೇಳಿಸಿಕೊಂಡಿದ್ದಳು, ಕಿವಿ ಕೇಳಿತ್ತು, ಕೈ ಕೇಳಬೇಕಲ್ಲ, ಮರ ಹೆರೆಯುವ ಉಜ್ಜುಗೊರಡನ್ನು ಚೀಲಕ್ಕೆ ಹಾಕಿಕೊಂಡೇ ಹೊರಟಿದ್ದಳು, ಮನೆಯ ಅಜ್ಜಿ ಎದುರಿಗೇ ನಿಂತಿದ್ದರು, ಎಣ್ಣೆ ಬಿಡೋಕೆ ನೀನ್ಯಾಕೆ ಬೇಕಿತ್ತು, ನಂಗೇ ಬರುತ್ತಲ್ಲ, ಇವತ್ತೇ ತೆಗೆದು ಮುಚ್ಚೋ ಹಾಗಾಗಬೇಕು — ಹಾಕಿದಳು, ಕದ ಕಳಚಿ, ಕೂಡುವ ಅಂಚಿಗೆ ಉಜ್ಜುಗೊರಡು, ಮರದ ಸುರುಳಿ ಒದ್ದೆಯಾಗಿ ಕಾಲ ಮೇಲೆ ಬೀಳುತ್ತಿತ್ತು, ಒದ್ದೆ ಸುರುಳಿ ನೋಡಿಯೂ ಬುದ್ಧಿ ಬರಲಿಲ್ಲ, ಕಾಲು ಇಂಚು ತೆಗೆದಳು, ಕದ ಒಂದೇ ಬೆರಳಿಗೆ ತಿರುಗಿತು, ಭೇಷ್ ಕಣೇ ಹುಡುಗಿ, ಅಪ್ಪನ್ನೇ ಮೀರಿಸಿಬಿಟ್ಟೆ ಎಂದರು ಅಜ್ಜಿ, ಆ ಸಂಜೆ ಮನೆಗೆ ಬಂದದ್ದು ನೆಲದ ಮೇಲೆ ನಡೆದಲ್ಲ — ಆಮೇಲೆ ಬಿಸಿಲು ಬಂತು. ಅಪ್ಪ ಹೇಳಿದ ಹಾಗೇ ಮರ ಇಳಿಯಿತು, ಇಳಿಯಿತು, ಒಂದು ಕದದ ಅಂಚು ಇನ್ನೊಂದನ್ನು ಬಿಟ್ಟು ದೂರ ಸರಿಯಿತು, ರಸ್ತೆಯ ಧೂಳೆಲ್ಲ ಮೆಟ್ಟಿಲ ಮೇಲೆ, ಗಾಳಿ ಬೀಸಿದರೆ ಕಿಟಕಿ ಸಿಳ್ಳೆ ಹಾಕುತ್ತಿತ್ತಂತೆ, ಅಪ್ಪ ಕೋಲೂರಿಕೊಂಡು ಬಂದ, ಅವಳು ಹಿಂದೆ ಚೀಲ ಹೊತ್ತು, ಅಪ್ಪ ಜೇಬಿನಿಂದ ಒಂದು ಕಾಗದದ ಪಟ್ಟಿ ತೆಗೆದ, ಯಾವ ಕಿಟಕಿ ಮುಗಿಸಿದರೂ ಅವನ ಕೊನೆಯ ಪರೀಕ್ಷೆ ಅದು, ಕದದ ನಡುವೆ ಕಾಗದ ಇಟ್ಟು ಮುಚ್ಚಿ ಎಳೆಯುವುದು, ಬಂದರೆ ಕೆಲಸ ಆಗಿಲ್ಲ, ಬರದಿದ್ದರೆ ಆಯಿತು — ಇಟ್ಟ, ಮುಚ್ಚಿದ, ಎಳೆಯಲೇ ಇಲ್ಲ, ಕೈ ಬಿಟ್ಟ, ಕಾಗದ ತಾನಾಗೇ ಜಾರಿ ಕೆಳಗೆ ಬಿತ್ತು. ಮೆಟ್ಟಿಲ ಮೇಲೆ, ಅವಳ ಕಾಲ ಹತ್ತಿರ. ಅಪ್ಪ ಅವಳ ಕಡೆ ತಿರುಗಿಯೂ ನೋಡದೆ, ಮನೆಯ ಅಜ್ಜಿಗೆ, ನಾನೇ ಉಜ್ಜು ಅಂತ ಹೇಳಿ ಕಳ್ಸಿದ್ದೆ ಅಮ್ಮಾ, ಹುಡುಗೀದೇನೂ ತಪ್ಪಿಲ್ಲ — ಇಷ್ಟು ವರ್ಷದ ಬಡಗಿ, ಇಷ್ಟೂ ತಿಳೀಲಿಲ್ವಾ ನಿಂಗೆ — ತಿಳೀಲಿಲ್ಲ ಅಮ್ಮಾ. ತಿಳಿಯಲಿಲ್ಲವಂತೆ, ಅಪ್ಪನಿಗೆ! ಆಮೇಲೆ ಈ ಮನೆಯವರು ಅವನನ್ನು ಕರೆಯಲಿಲ್ಲ, ಬೇರೆ ಯಾರೋ ಬಂದು ಸಂದಿಗೆ ಪಟ್ಟಿ ಹೊಡೆದು ಬಣ್ಣ ಬಳಿದು ಹೋದರು, ಆ ಪಟ್ಟಿಯೂ ಎಂದೋ ಕಳಚಿ ಬಿತ್ತು, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ಅಪ್ಪ ಇನ್ನೂ ಹನ್ನೊಂದು ವರ್ಷ ಬದುಕಿದ್ದ, ಒಂದು ದಿನವೂ ಆ ಮಾತೆತ್ತಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಬೂಟಿನ ಸದ್ದು ಮೆಟ್ಟಿಲೇರುತ್ತಿದೆ, ಹಿಂದೆ ಡಾಕ್ಟರಮ್ಮನ ಚಪ್ಪಲಿ — ಏನೀ ಬಣ್ಣ, ಪರವಾಗಿಲ್ಲ ಚೆನ್ನಾಗಿದೆ, ಎನ್ನುತ್ತ ಇಂಜಿನಿಯರ್ ಕದದ ಅಂಚಿಗೆ ಕಣ್ಣು ತಂದ, ಇಲ್ಲೇನೋ ಜೋಡಿಸಿದ ಹಾಗಿದೆಯಲ್ಲ, ಗೆರೆ ಕಾಣುತ್ತೆ — ಕಾಣಲಿ, ಬೇಕೆಂದೇ ಮುಚ್ಚಿಲ್ಲ, ಕಾಲು ಇಂಚಿನ ಪಟ್ಟಿ ಅದು, ತಾನು ತಿಂದ ಕಾಲು ಇಂಚನ್ನು ವಾಪಸು ಕೊಟ್ಟಿದ್ದಾಳೆ, ಹೊಸ ಮರ ಕೊಡುವಂತಿಲ್ಲ, ಹೊಸದು ಹಳೆಯದರ ಜೊತೆ ಸಂಸಾರ ಮಾಡುವುದಿಲ್ಲ, ಇದೇ ಮನೆಯ ಅಡುಗೆಕೋಣೆಯ ಒಡೆದ ಕಪಾಟಿನ ಹಲಗೆ, ಇದೇ ವಯಸ್ಸಿನದು, ಇವನೇ ಕಸದ ರಾಶಿಗೆ ಎಸೆಸಿದ್ದು, ಎರಡು ದಿನ ಕಸ ಕೆದಕಿ ತೆಗೆದಿದ್ದಾಳೆ, ಮರದ ಮೊಳೆ ಹೊಡೆದು ಕೂರಿಸಿದ್ದಾಳೆ, ಕೀಲಿನ ಕಡೆ ಪೋಸ್ಟ್ ಕಾರ್ಡಿನ ದಪ್ಪದಷ್ಟು ಜಾಗ ಬಿಟ್ಟಿದ್ದಾಳೆ, ಮಳೆಗಾಲ ಬಂದರೆ ಮರ ಉಬ್ಬಿಕೊಳ್ಳಲು, ಊರಲ್ಲಿ ಇನ್ಯಾರಿಗೆ ಬರುತ್ತದೆ ಈ ಕೆಲಸ, ಯಾರಿಗೂ ಬರುವುದಿಲ್ಲ, ಬಾಯಿಬಿಟ್ಟು ಹೇಳದಿದ್ದರೇನು, ಅವಳಿಗೆ ಗೊತ್ತು — ಡಾಕ್ಟ್ರು ಹೇಳಿದ್ರು, ನಿಮ್ಮಪ್ಪ ಕೆಡಿಸಿದ್ದನ್ನ ನೀವು ಸರಿಮಾಡ್ತಿದ್ದೀರಿ ಅನ್ನಿ, ಎಂದು ನಕ್ಕ ಇಂಜಿನಿಯರ್, ಡಾಕ್ಟರಮ್ಮನೂ ನಕ್ಕಳು, ಕೆಟ್ಟ ನಗುವಲ್ಲ, ನಗಿಸಲು ಆಡಿದ ಮಾತು, ಸುಮ್ಮನಿದ್ದರಾಯಿತು, ಇನ್ನೈದು ನಿಮಿಷ ಸುಮ್ಮನಿದ್ದರೆ ಹದಿನಾಲ್ಕೂ ಉಳಿಯುತ್ತವೆ, ಹೇಳಿದರೆ ಇವನಿಗೆ ಬೇಕಾದ್ದೂ ಅದೇ, ಕೆಡಿಸಿದ ಕೈಗೇ ಕೊಟ್ರಾ ಡಾಕ್ಟ್ರೇ ಎನ್ನುತ್ತಾನೆ, ಲಾರಿ ಬರುತ್ತದೆ — ಬಂದರೆ ಬರಲಿ, ಅಪ್ಪ ಅಲ್ಲ ಸಾರ್, ಎಂದಳು, ದನಿ ತನ್ನದೇ ಎಂದು ಅವಳಿಗೇ ಅನ್ನಿಸಲಿಲ್ಲ, ಅಷ್ಟು ಗಟ್ಟಿ, ಅಪ್ಪ ಅಲ್ಲ, ಇದನ್ನ ಕೆಡಿಸಿದ್ದು ನಾನು, ಹತ್ತೊಂಬತ್ತು ವರ್ಷ ನಂಗೆ, ಮರ ಮುಟ್ಟಬೇಡ ಅಂದಿದ್ರು, ಮಳೆಗಾಲದಲ್ಲಿ ಉಜ್ಜಿದೆ, ನನ್ನ ಉಳಿಸೋಕೆ ಅಪ್ಪ ಹೆಸರು ಕಳ್ಕೊಂಡ, ಅವನ ಕೈ ಎಲ್ಲೂ ಹೋಗಿರಲಿಲ್ಲ ಡಾಕ್ಟರಮ್ಮಾ, ಉಳಿದ ಹದಿಮೂರೂ ಅವನು ಮಾಡಿದ್ದು, ಹೋಗಿ ನೋಡಿ, ಒಂದರಲ್ಲೂ ಸಂದಿ ಇಲ್ಲ, ಬಣ್ಣ ಹೆಚ್ಚಾಗಿ ಕಚ್ಚಿದೆ ಅಷ್ಟೇ — ನಗು ನಿಂತಿತು, ಇಂಜಿನಿಯರ್ ಡಾಕ್ಟರಮ್ಮನ ಮುಖ ನೋಡಿದ, ಡಾಕ್ಟರಮ್ಮ ಅವಳ ಮುಖ ನೋಡಿದಳು, ಹಾಗಾದ್ರೆ ಕೆಡಿಸಿದ ಕೈಯೇ ಈಗಲೂ, ಎಂದ ಇವನು, ಅಂದುಕೊಂಡದ್ದನ್ನೇ ಅಂದ, ಹೌದು ಸಾರ್, ಅದೇ ಕೈ, ನಲವತ್ತು ವರ್ಷ ಕಲಿತು ಬಂದಿದೆ, ಹಿಡ್ಕೊಳ್ಳಿ ಇದನ್ನ, ಎಂದು ಜೇಬಿನಿಂದ ಕಾಗದದ ಪಟ್ಟಿ ತೆಗೆದುಕೊಟ್ಟಳು, ನೀವೇ ಇಡಿ, ನೀವೇ ಎಳೀರಿ, ಕದ ಮಾತ್ರ ನಾನು ಮುಚ್ತೀನಿ — ಇಟ್ಟ, ಮುಚ್ಚಿದಳು, ಹಿತ್ತಾಳೆಯ ಚಿಲಕ ಟಕ್ಕೆಂದು ತನ್ನ ಹಳೇ ಜಾಗಕ್ಕೆ ಬಿತ್ತು, ಕಾಲ ಹತ್ತಿರ ಮೆಟ್ಟಿಲು, ಅಲ್ಲೇ, ಅವತ್ತು ಬಿದ್ದ ಜಾಗ ಅದೇ, ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತದೆ, ಅವನು ಕೈ ಬಿಟ್ಟ, ಕಾಗದ ಬೀಳಲಿಲ್ಲ, ಎರಡು ಬೆರಳಲ್ಲಿ ಎಳೆದ, ಬರಲಿಲ್ಲ, ಹುಬ್ಬು ಗಂಟಿಕ್ಕಿ ಮುಷ್ಟಿಯಲ್ಲಿ ಹಿಡಿದು ಎಳೆದ, ಪರ್‍ ಎಂದು ಹರಿಯಿತು, ಅರ್ಧ ಅವನ ಕೈಯಲ್ಲಿ, ಅರ್ಧ ಕಿಟಕಿಯಲ್ಲಿ — ಲಾರಿ ಬೇಡ ಅಂತ ಹೇಳ್ಬಿಡಿ ಸಾರ್, ಡಾಕ್ಟರಮ್ಮನ ದನಿ, ಎಲ್ಲೋ ದೂರ, ಅಕ್ಕಾ, ನಿಮ್ಮಪ್ಪನ ಹೆಸರೇನು ಎಂದೂ ಕೇಳುತ್ತಿದ್ದಾಳೆ, ಹೇಳಬೇಕು, ಹೇಳುತ್ತಾಳೆ, ಮೊದಲು ಕೆಳಗೆ ನೋಡುತ್ತಾಳೆ, ಮೆಟ್ಟಿಲು ಖಾಲಿ, ಎರಡು ಕದ ಕೂಡುವಲ್ಲಿ ಹರಿದ ಕಾಗದ, ಅರ್ಧ ಬೆರಳುದ್ದ, ಬಿಳೀ ಕಾಗದ, ಬೀಳಲಿಲ್ಲ, ಅಪ್ಪಾ, ಕಾಗದ ಬೀಳಲಿಲ್ಲ —